ಗುಡ್ಡದ ನೀರಿಗೆ ಹೊರಡುವ ಮುಂಚೆ ಮೋಡ ನೋಡ್ರಿ

ಉಮರ್ಗಾ: ಸೋಯಾಬೀನ್ ರಾಶಿ ಆಗಿ ಅಡತಿ ಅಂಗಡಿಯಿಂದ ಪಟ್ಟಿ ಕೈಗೆ ಬಂತೆಂದರೆ ಉಮರ್ಗಾ, ನಿಲಂಗಾ, ಉದಗೀರ ಭಾಗದ ಮಂದಿಗೆ ಎರಡು ದಾರಿ ನೆನಪಾಗುತ್ತವೆ. ಒಂದು ಸೊಸೈಟಿ ಸಾಲದ ದಾರಿ, ಇನ್ನೊಂದು ಗುಡ್ಡದ ದಾರಿ. ನವರಾತ್ರಿಯಿಂದ ಸೀಗಿ ಹುಣ್ಣಿಮೆ ತನಕ ತುಳಜಾಪುರಕ್ಕೆ ನಡೆದು ಹೋಗುವವರು, ನಳದುರ್ಗದ ಧಬಧಬಾ ನೋಡಲು ಹೊರಡುವ ಕಾಲೇಜು ಹುಡುಗರು, ಖರೋಸಾ ಮತ್ತು ಹತ್ತಿಬೇಟದ ಗುಡ್ಡ ಏರುವ ಸಂಸಾರಸ್ಥರು ಎಲ್ಲರೂ ಇದೇ ದಿನಗಳಲ್ಲಿ ಮನೆ ಬಿಡುತ್ತಾರೆ. ಬೇಸಿಗೆಯಲ್ಲಿ ಕೊಡ ನೀರಿಗೆ ಟ್ಯಾಂಕರ್ ಕಾಯುವ ಈ ಸೀಮೆಯವರಿಗೆ ಗುಡ್ಡದ ಮೇಲೆ ತುಂಬಿ ನಿಂತ ನೀರು ಕಾಣುವುದೇ ಒಂದು ಹಬ್ಬ.

ಆದರೆ ನೀರು ತುಂಬಿರುವ ಕಾಲವೇ ಹವಾ ಕೆಡುವ ಕಾಲ. ಮುಂಜಾನೆ ಎಳೆ ಬಿಸಿಲು, ಮಧ್ಯಾಹ್ನ ಧಗೆ, ಸಂಜೆ ನಾಲ್ಕಕ್ಕೆ ಕಗ್ಗತ್ತಲು. “ಏನಾಗ್ತದ ಬಿಡ್ರಿ, ಎರಡು ಹನಿ ಮಳಿ” ಎಂದು ಹೊರಟವರು ಹಳ್ಳದ ಈಚೆ ದಂಡೆಯಲ್ಲಿ ರಾತ್ರಿ ಕಳೆಯುವುದು ಈ ಭಾಗದಲ್ಲಿ ಹೊಸದಲ್ಲ. ರಾತ್ರಿ ಕಳೆದು ಮನೆಗೆ ಬಂದರೆ ಅದೃಷ್ಟ. ಅದಕ್ಕೇ ಈ ಲೇಖನ.

ಗುಡ್ಡದ ಮ್ಯಾಲ ನೀರು ಎಲ್ಲಿಂದ ಬಂತು?

ನಮ್ಮ ಬಾಲಾಘಾಟ ಹಿಮಾಲಯದಂಥ ಪರ್ವತ ಅಲ್ಲ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಬಯಲು. ಅದರ ಅಂಚು ಕೆಳಗೆ ಇಳಿಯುವ ಕಡೆ ಗುಡ್ಡ, ಘಾಟ ಎಂದು ಕಾಣುತ್ತದೆ. ಕೆಳಗಿರುವುದು ಕರಿಕಲ್ಲು. ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಲಾವಾರಸ ಒಂದರ ಮೇಲೊಂದು ಹರಿದು ರೊಟ್ಟಿ ಪೇರಿಸಿದಂತೆ ಪದರ ಪದರವಾಗಿ ಕೂತ ಕಲ್ಲು ಇದು. ಪದರದ ಮೇಲ್ಭಾಗದಲ್ಲಿ ತೂತುಗಳಿದ್ದು ನೀರು ಹಿಡಿಯುತ್ತದೆ. ಎರಡು ಪದರಗಳ ನಡುವಿನ ಕೆಂಪು ಗೇರು ಮಣ್ಣು, ಅದರ ಕೆಳಗಿನ ಗಟ್ಟಿ ಕಲ್ಲು ನೀರನ್ನು ಕೆಳಗೆ ಬಿಡುವುದಿಲ್ಲ. ಹೀಗಾಗಿ ಮೇಲೆ ಇಂಗಿದ ಮಳೆ ಅಡ್ಡಡ್ಡ ಹರಿದು ಗುಡ್ಡದ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ.

ಬೀದರ್ ಕಡೆಗೆ ಹೋದರೆ ಕರಿಕಲ್ಲಿನ ಮೇಲೆ ಜಂಬಿಟ್ಟಿಗೆ ಕೆಂಪು ಕಲ್ಲಿನ ದಪ್ಪ ಹೊದಿಕೆ ಇದೆ. ಅದು ಸ್ಪಂಜಿನಂತೆ ನೀರು ಕುಡಿಯುತ್ತದೆ. ನರಸಿಂಹ ಝರಣಿ, ಪಾಪನಾಶ, ನಾನಕ ಝೀರಾ ಮೂರೂ ಬೀದರ್ ಬಯಲಿನ ಅಂಚಿನಲ್ಲೇ ಇರುವುದಕ್ಕೆ ಇದೇ ಕಾರಣ. ಬಹಮನಿ ಕಾಲದವರು ಇದೇ ಗುಟ್ಟು ತಿಳಿದು ನೆಲದೊಳಗೆ ಸುರಂಗ ಕೊರೆದು ಊರಿಗೆ ನೀರು ತಂದರು. ತುಳಜಾಪುರದ ಗುಡಿ ಊರಿನ ಮಟ್ಟಕ್ಕಿಂತ ಕೆಳಗೆ, ಘಾಟದ ಇಳಿಜಾರಿನಲ್ಲಿದೆ. ಮೆಟ್ಟಿಲು ಇಳಿದು ಹೋಗುವಾಗ ಸಿಗುವ ಕಲ್ಲೋಳ ತೀರ್ಥ, ಗೋಮುಖ ತೀರ್ಥಗಳು ಭಕ್ತರು ಮಿಂದು ಮುಂದೆ ಸಾಗುವ ಜಾಗ.

ಇನ್ನೊಂದು ಮಾತು. ಬಾಲಾಘಾಟ ನೀರನ್ನು ಪಾಲು ಮಾಡುವ ಒಡ್ಡು. ನಿಲಂಗಾ ಕಡೆಯ ತೇರಣಾ, ಮಾಂಜರಾ ನೀರು ಬೀದರ್ ಜಿಲ್ಲೆ ಹೊಕ್ಕು ಗೋದಾವರಿಗೆ ಹೋಗುತ್ತದೆ. ನಳದುರ್ಗದ ಬೋರಿ, ಉಮರ್ಗಾ ಕಡೆಯ ಬೆಣ್ಣಿತೊರೆ ಭೀಮೆ ಸೇರಿ ಕೃಷ್ಣೆಗೆ ಹೋಗುತ್ತವೆ. ಒಂದೇ ಮೋಡ ಸುರಿದ ನೀರು ಎರಡು ಮಹಾನದಿಗಳಿಗೆ ಹಂಚಿಕೆಯಾಗುತ್ತದೆ.

ಎಲ್ಲೆಲ್ಲಿ ಹೋಗುತ್ತಾರೆ?

ಉಮರ್ಗಾದಿಂದ ಸೋಲಾಪುರ ಹೆದ್ದಾರಿ ಹಿಡಿದರೆ ಯೇಣೆಗೂರ, ಜಳಕೋಟ ದಾಟಿ ನಳದುರ್ಗ. ಬೋರಿ ನದಿಗೆ ಕೋಟೆಯ ಗೋಡೆಯನ್ನೇ ಅಡ್ಡಗಟ್ಟಿ ಕಟ್ಟಿದ ಆಣೆಕಟ್ಟು ಇಲ್ಲಿಯ ಹೆಗ್ಗಳಿಕೆ. ಎರಡನೇ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, 1613ರ ಸುಮಾರಿಗೆ, ಆಣೆಕಟ್ಟಿನ ಹೊಟ್ಟೆಯೊಳಗೇ ಪಾಣಿಮಹಲ್ ಕಟ್ಟಿದರು. ಮಳೆಗಾಲದಲ್ಲಿ ತಲೆಯ ಮೇಲಿಂದ ನೀರು ಧುಮುಕುತ್ತಿದ್ದರೂ ಒಳಗೆ ನಿಂತವರಿಗೆ ಹನಿ ತಾಗದು. ಕಂಡಿಯಿಂದ ಬೀಳುವ ಎರಡು ಧಾರೆಗಳಿಗೆ ಮರಾಠಿಯಲ್ಲಿ ‘ನರ-ಮಾದಿ’ ಎಂಬ ಹೆಸರು.

ಇಲ್ಲಿ ಒಂದು ಸೂಕ್ಷ್ಮ ತಿಳಿದಿರಬೇಕು. ಈ ಧಾರೆ ನಳದುರ್ಗದಲ್ಲಿ ಮಳೆಯಾದಾಗ ಬೀಳುವುದಲ್ಲ, ಮೇಲಿನ ಕುರನೂರ ಧರಣ ತುಂಬಿ ಹೊರಚೆಲ್ಲಿದಾಗ ಬೀಳುವುದು. ಅಂದರೆ ಕೋಟೆಯ ಮೇಲೆ ಬಿಸಿಲು ಹೊಳೆಯುತ್ತಿದ್ದರೂ ಮೇಲೆ ತುಳಜಾಪುರದ ಕಡೆ ಜೋರು ಮಳೆ ಬಿದ್ದಿದ್ದರೆ ಇಲ್ಲಿ ನೀರು ಏರುತ್ತದೆ. ಧಾರೆಯ ಬುಡದ ಕಲ್ಲಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವವರು ತಲೆಯ ಮೇಲಿನ ಆಕಾಶ ನೋಡಿದರೆ ಸಾಲದು, ಮೇಲಿನ ಊರಿನ ಸುದ್ದಿ ಕೇಳಬೇಕು.

ನಿಲಂಗಾದವರಿಗೆ ಹತ್ತಿರದ್ದು ಖರೋಸಾ. ಲಾತೂರ-ನಿಲಂಗಾ ರಸ್ತೆಯ ಪಕ್ಕದ ಗುಡ್ಡದಲ್ಲಿ ಆರನೇ ಶತಮಾನದ ಗುಹೆಗಳಿವೆ, ಮೇಲೆ ರೇಣುಕಾದೇವಿ ಗುಡಿ ಇದೆ. ಉದಗೀರದವರಿಗೆ ದೇವರ್ಜನ ಹತ್ತಿರದ ಹತ್ತಿಬೇಟ. ಗುಹೆಗಳು, ಗಂಗಾರಾಮ ಮಹಾರಾಜರ ಸಮಾಧಿ ಇರುವ ಈ ಗುಡ್ಡಕ್ಕೆ ನಿಜಾಮನ ಕಾಲದ ಕೊನೆಯಲ್ಲಿ ರಜಾಕಾರರ ವಿರುದ್ಧ ನಡೆದ ಹೋರಾಟದ ನೆನಪೂ ಅಂಟಿಕೊಂಡಿದೆ. ದೇವರ್ಜನ ಕೆರೆ ಇದೇ ಭಾಗದ್ದು. ನಿಲಂಗಾದ ಮಸಲಗಾ, ಉಮರ್ಗಾದ ತುರೋರಿ, ಲೋಹಾರಾ ತಾಲೂಕಿನ ಮಾಕಣಿ ಧರಣಗಳಿಗೂ ರಜೆಯ ದಿನ ಮಂದಿ ಹೋಗುತ್ತಾರೆ.

ಈ ದಾರಿಗಳು ಇಂದಿನ ಗಡಿಗಿಂತ ಹಳೆಯವು. ಉದಗೀರ, ನಿಲಂಗಾ ತಾಲೂಕುಗಳು 1956ರ ತನಕ ಬೀದರ್ ಜಿಲ್ಲೆಯಲ್ಲೇ ಇದ್ದವು. ಆಳಂದದ ದಾರಿಯಿಂದಲೂ ಬಸವಕಲ್ಯಾಣದ ದಾರಿಯಿಂದಲೂ ಅಂಬಾಭವಾನಿಗೆ ನಡೆಯುವವರ ಕಾಲಿಗೆ ರಾಜ್ಯದ ಗಡಿ ಗೊತ್ತಿಲ್ಲ. ಮೋಡಕ್ಕೂ ಗೊತ್ತಿಲ್ಲ.

ಹಸ್ತ, ಚಿತ್ತಿಯ ಆಟ

ಹಸ್ತ ಮಳೆ ಸೆಪ್ಟೆಂಬರ್ 27ರ ಸುಮಾರಿಗೆ ಕೂಡುತ್ತದೆ, ಅಕ್ಟೋಬರ್ 10ರ ಹೊತ್ತಿಗೆ ಚಿತ್ತಿ. ನವರಾತ್ರಿ, ಸೀಗಿ ಹುಣ್ಣಿಮೆ ಬಹುತೇಕ ವರ್ಷ ಇದೇ ನಡುವೆ ಬರುತ್ತವೆ. ಮುಂಗಾರು ಹಿಂದೆ ಸರಿಯುವ ಹೊತ್ತು ಇದು. ನೆಲ ಇನ್ನೂ ಹಸಿ, ಬಿಸಿಲು ಚುರುಕು. ಎರೆ ಭೂಮಿ ಕಾದು ಹಸಿಗಾಳಿ ಮೇಲಕ್ಕೇರುತ್ತದೆ. ಮಧ್ಯಾಹ್ನಕ್ಕೆ ಹೂಕೋಸಿನಂಥ ಬಿಳಿ ಮೋಡ ಏಳುತ್ತದೆ. ಅದರ ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿತೆಂದರೆ ಗುಡುಗಿನ ಮಳೆ ತಯಾರಾಯಿತು. ಅದು ಬೀಳುವ ಜಾಗವೂ ಸಣ್ಣದು. ಎತ್ತಿನ ಒಂದು ಕೋಡು ತೋಯ್ದು ಇನ್ನೊಂದು ಒಣಗಿರುತ್ತದೆ ಎಂದು ರೈತರು ಹೇಳುವುದು ಇಂಥ ಮಳೆಯನ್ನೇ.

ಇದು ನೆಲದಿಂದ ಎದ್ದ ಮಳೆ. ಸಮುದ್ರದಿಂದ ಬರುವ ಮಳೆ ಬೇರೆ. 2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಆಂಧ್ರದ ಕಾಕಿನಾಡ ಬಳಿ ದಡ ಹತ್ತಿತು. ಅದೇ ದಿನ ಹೈದರಾಬಾದ್ ಮುಳುಗಿತು. ಮರುದಿನ ಅದು ಕಲಬುರಗಿ, ಸೋಲಾಪುರ, ಆಗಿನ ಉಸ್ಮಾನಾಬಾದ್ (2023ರಿಂದ ಧಾರಾಶಿವ) ಜಿಲ್ಲೆಗಳ ಮೇಲೆ ಬಂತು. ಕೊಯ್ದು ಗುಡ್ಡೆ ಹಾಕಿದ್ದ ಸೋಯಾಬೀನ್ ಕೊಚ್ಚಿಹೋಯಿತು, ಭೀಮೆ ಉಕ್ಕಿತು. ಕೊರೊನಾ ಕಾರಣ ಆ ವರ್ಷ ಮಹಾರಾಷ್ಟ್ರದ ಗುಡಿಗಳು ಮುಚ್ಚಿದ್ದವು. ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಸಾವಿರಾರು ಮಂದಿ ಇದೇ ರಸ್ತೆ ಹಿಡಿಯುವವರಿದ್ದರು.

2025ರಲ್ಲಿ ನವರಾತ್ರಿ ಸೆಪ್ಟೆಂಬರ್ 22ಕ್ಕೆ ಕೂತಿತು. ಅದೇ ವಾರ ಮರಾಠವಾಡದಲ್ಲಿ ನೆರೆ. ಧಾರಾಶಿವ, ಲಾತೂರ, ಬೀಡ, ಸೋಲಾಪುರ ಜಿಲ್ಲೆಗಳಲ್ಲಿ ಹೊಲ, ದನ, ಮನೆ ನೀರುಪಾಲಾದವು. ಭೀಮಾ, ಮಾಂಜರಾ ಮೂಲಕ ಆ ನೀರು ಕಲಬುರಗಿ, ಬೀದರಿಗೂ ಇಳಿಯಿತು. 2016ರ ಏಪ್ರಿಲ್‌ನಲ್ಲಿ ಮೀರಜದಿಂದ ರೈಲಿನಲ್ಲಿ ನೀರು ತರಿಸಿಕೊಂಡ ಲಾತೂರು ಇದೇ. ಬರ, ನೆರೆ ಎರಡನ್ನೂ ಒಂದೇ ತಲೆಮಾರು ಕಂಡಿದೆ.

ಇದರಿಂದ ಈ ಭಾಗದವರು ಕಲಿಯಬೇಕಾದ ಲೆಕ್ಕ ಸುಲಭದ್ದು. ಕಾಕಿನಾಡ, ವಿಶಾಖಪಟ್ಟಣ ಕಡೆ ಕುಸಿತ ದಡ ಹತ್ತಿತು, ಪಶ್ಚಿಮಕ್ಕೆ ಸರಿಯುತ್ತಿದೆ ಎಂದು ರೇಡಿಯೋದಲ್ಲಿ ಕೇಳಿದರೆ ಒಂದೆರಡು ದಿನದಲ್ಲಿ ಸರದಿ ನಮ್ಮದು. ಆ ಎರಡು ದಿನ ರಾಶಿಯ ಮೇಲೆ ತಾಡಪತ್ರಿ ಮುಚ್ಚಬೇಕು, ನಡಿಗೆ ಮುಂದೂಡಬೇಕು.

ಸಹಸ್ರತಾಲದಲ್ಲಿ ಆದದ್ದು

ಈಗ ನಮ್ಮ ಹುಡುಗರು ಬಾಲಾಘಾಟಕ್ಕೆ ನಿಲ್ಲುವುದಿಲ್ಲ. ಡಿಗ್ರಿ ಮುಗಿಸಿ ಪುಣೆ, ಬೆಂಗಳೂರು ಸೇರಿದವರು ರಜೆ ಹಾಕಿ ಹಿಮಾಲಯದ ಸರೋವರ ನೋಡಲು ಹೋಗುತ್ತಾರೆ. ಹಳ್ಳಿಯಲ್ಲಿರುವ ತಾಯಿ-ತಂದೆಗೆ ಫೋಟೋ ಬಂದಾಗಲೇ ಅದು ತಿಳಿಯುವುದು. ಅದಕ್ಕೆ 2024ರ ಜೂನ್ ತಿಂಗಳಿನ ಘಟನೆ ಎಲ್ಲರಿಗೂ ಗೊತ್ತಿರಬೇಕು.

ಉತ್ತರಾಖಂಡದ ಉತ್ತರಕಾಶಿ, ಟೆಹರಿ ಜಿಲ್ಲೆಗಳ ಗಡಿಯಲ್ಲಿ ಸಹಸ್ರತಾಲ ಎಂಬ ಸರೋವರಗಳ ಗುಂಪು ಇದೆ. ಎತ್ತರ 4,000 ಮೀಟರಿಗೂ ಹೆಚ್ಚು. ಕರ್ನಾಟಕದ 18, ಮಹಾರಾಷ್ಟ್ರದ ಒಬ್ಬರು, ಮೂವರು ಸ್ಥಳೀಯ ಮಾರ್ಗದರ್ಶಕರು ಸೇರಿ 22 ಮಂದಿಯ ತಂಡ ಮೇ 29ರಂದು ಹೊರಟಿತ್ತು. ಜೂನ್ 3ರಂದು ಸರೋವರ ನೋಡಿ ತಿರುಗಿ ಬರುವಾಗ ಹವಾ ಕೆಟ್ಟಿತು. ಹಿಮ, ಬಿರುಗಾಳಿ, ಮಂಜು ಮುಸುಕಿ ದಾರಿಯೇ ಕಾಣದಾಯಿತು. ಡೇರೆ ಮುಟ್ಟಲಾಗದೆ ಬಯಲಲ್ಲೇ ಸಿಕ್ಕಿಬಿದ್ದರು. ಅಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಸುದ್ದಿ ಕೆಳಗೆ ಮುಟ್ಟಿದ್ದು ಮರುದಿನ. ವಾಯುಪಡೆಯ ಹೆಲಿಕಾಪ್ಟರುಗಳು, ರಾಜ್ಯ ವಿಪತ್ತು ಪಡೆಯವರು 13 ಮಂದಿಯನ್ನು ಉಳಿಸಿ ತಂದರು. 9 ಮಂದಿ ತೀರಿಹೋದರು. ಕರ್ನಾಟಕದ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ಕೂತು ರಕ್ಷಣಾ ಕೆಲಸ ನೋಡಿಕೊಂಡರು.

ಹೋದವರೇನು ಮೋಜಿನ ಹುಡುಗರಲ್ಲ, ಅವರಲ್ಲಿ ಚಾರಣ ಬಲ್ಲ ಹಿರಿಯರೂ ಇದ್ದರು. ಹಾಗಿದ್ದೂ ಹೀಗಾಯಿತು ಎಂಬುದನ್ನು ಗಮನಿಸಬೇಕು. ಜೂನ್ ತಿಂಗಳಲ್ಲಿ ಇಲ್ಲಿ ಬಿತ್ತನೆಗೆ ನೆಲ ಹದ ಮಾಡುವಾಗ ಅಲ್ಲಿ ಹಿಮ ಬೀಳುತ್ತದೆ. ಪ್ರತಿ ಸಾವಿರ ಮೀಟರ್ ಏರಿದರೆ ಉಷ್ಣತೆ ಆರು ಡಿಗ್ರಿಗಿಂತ ಹೆಚ್ಚು ಇಳಿಯುತ್ತದೆ. ತೊಯ್ದ ಬಟ್ಟೆಗೆ ಗಾಳಿ ಹೊಡೆದರೆ ಮೈಯ ಶಾಖ ಬಹುಬೇಗ ಸೋರಿಹೋಗುತ್ತದೆ. ಮೊದಲು ನಡುಕ, ಆಮೇಲೆ ಮಾತು ತೊದಲು, ಹೆಜ್ಜೆ ತಪ್ಪು. ನಡುಕ ನಿಂತಿತೆಂದರೆ ಗುಣವಾಯಿತು ಎಂದಲ್ಲ, ಮೈ ಸೋತಿತು ಎಂದು ಅರ್ಥ. ಅಂಥವರ ಒದ್ದೆ ಬಟ್ಟೆ ತೆಗೆದು, ಒಣ ಕಂಬಳಿ ಸುತ್ತಿ, ಗಾಳಿ ತಾಗದ ಕಡೆ ಕೂರಿಸಬೇಕು. ಎಚ್ಚರವಿದ್ದರೆ ಬಿಸಿ ಸಿಹಿ ಚಹಾ ಕೊಡಬೇಕು. ದಾರು ಕೊಟ್ಟರೆ ಬೆಚ್ಚಗಾಗುತ್ತದೆ ಎಂಬುದು ಶುದ್ಧ ತಪ್ಪು. ಅದು ಒಳಗಿನ ಶಾಖವನ್ನು ಹೊರಗೆ ತಂದು ಚೆಲ್ಲುತ್ತದೆ.

ಬಾಲಾಘಾಟದಲ್ಲಿ ಹಿಮ ಬೀಳದು. ಆದರೆ ಇರುಳೆಲ್ಲ ಮಳೆಯಲ್ಲಿ ನೆನೆದು ನಡೆದ ಮುದುಕರಿಗೆ, ಉಪವಾಸವಿದ್ದ ಹೆಣ್ಣುಮಕ್ಕಳಿಗೆ ಇಲ್ಲಿಯ ತಂಪೂ ಸಾಕಾಗುತ್ತದೆ.

ಸಿಡಿಲಿಗೆ ಗಿಡ ಆಸರೆ ಅಲ್ಲ

ನಮ್ಮ ಗುಡ್ಡದಲ್ಲಿ ಹಿಮಕ್ಕಿಂತ ದೊಡ್ಡ ವೈರಿ ಸಿಡಿಲು. ಮರಾಠಿಯಲ್ಲಿ ‘ವೀಜ ಪಡಲಿ’ ಎನ್ನುವ ಸುದ್ದಿ ಪ್ರತಿ ವರ್ಷ ಬರುತ್ತದೆ. ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ. ಹೆಚ್ಚಿನವರು ಹೊಲದಲ್ಲಿದ್ದ ರೈತರು, ಕೂಲಿಯವರು, ದನಗಾಹಿಗಳು. ಬಯಲಲ್ಲಿ ಎದ್ದು ನಿಂತದ್ದನ್ನು ಸಿಡಿಲು ಹುಡುಕುತ್ತದೆ: ಒಂಟಿ ಬೇವಿನ ಗಿಡ, ಗುಡ್ಡದ ನೆತ್ತಿ, ಗುಡಿಯ ಕಳಸ, ನಿಂತ ಮನುಷ್ಯ.

ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿರಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಪಕ್ಕಾ ಮನೆ ಇಲ್ಲವೇ ಗಾಜು ಏರಿಸಿದ ಬಸ್ಸು, ಜೀಪು ಸೇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ತಾಸು ಆಗುವ ತನಕ ಹೊರಗೆ ಬರಬಾರದು. ಕೆರೆಯಲ್ಲಿದ್ದರೆ ಕೂಡಲೇ ಹೊರಬರಬೇಕು. ಆಸರೆ ಏನೂ ಇಲ್ಲದಿದ್ದರೆ ನೆತ್ತಿ ಬಿಟ್ಟು ಇಳಿದು, ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರಬೇಕು. ಮಲಗಬಾರದು. ಗುಂಪಾಗಿ ಒತ್ತಿ ಕೂರದೆ ಚದುರಿ ಕೂರಬೇಕು.

ಸಿಡಿಲು ತಾಗಿದವರನ್ನು ಮುಟ್ಟಿದರೆ ಕರೆಂಟು ಹೊಡೆಯುತ್ತದೆಂದು ದೂರ ನಿಲ್ಲುವವರಿದ್ದಾರೆ. ಅದು ಸುಳ್ಳು. ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಎದೆ ಒತ್ತಿ ಉಸಿರು ಕೊಡುವ ಪ್ರಥಮ ಚಿಕಿತ್ಸೆ ತಕ್ಷಣ ಮಾಡಬೇಕು, 112ಕ್ಕೆ ಫೋನು ಮಾಡಬೇಕು.

ಓಢಾ ದಾಟುವ ಮಾತು

“ಕಾಕಾ, ಹಳ್ಳ ದಾಟ್ಲಿಕ್ಕಿ ಬರ್ತದೇನ್ರಿ?” ಎಂದು ಕೇಳಿದರೆ ದಂಡೆಯ ಕುರಿಯವರು “ಥಾಂಬ ಜರಾ ತಮ್ಮಾ, ನೀರ ಇಳೀಲಿ” ಅನ್ನುತ್ತಾರೆ. ಆ ಮಾತು ಕೇಳಬೇಕು. ಒಂದು ಘನ ಮೀಟರ್ ನೀರು ಅಂದರೆ ಒಂದು ಟನ್, ಐವತ್ತು ಕಿಲೋದ ಇಪ್ಪತ್ತು ಚೀಲ ಸೋಯಾಬೀನ್ ತೂಕ. ಅದು ಓಡಿಬಂದು ಕಾಲಿಗೆ ಹೊಡೆಯುತ್ತದೆ. ರಭಸವಿದ್ದರೆ ಗೇಣುದ್ದ ನೀರು ಸಾಕು ಆಳನ್ನು ಕೆಡವಲು. ಮೊಣಕಾಲಿಗಿಂತ ಕಡಿಮೆ ನೀರು ಸಣ್ಣ ಕಾರನ್ನು ತೇಲಿಸಿ ಒಯ್ಯುತ್ತದೆ. ಕರಿಕಲ್ಲಿನ ಗುಡ್ಡ ನೀರು ಹಿಡಿಯುವುದು ಸ್ವಲ್ಪ, ಬಿಡುವುದು ಜಾಸ್ತಿ. ಆದ್ದರಿಂದ ಓಢಾ ಏರುವುದೂ ಬೇಗ, ಇಳಿಯುವುದೂ ಬೇಗ. ಎರಡು ತಾಸು ಕೂತರೆ ಜೀವ ಉಳಿಯುತ್ತದೆ.

ಕೆರೆಯ ನೀರೂ ಮೋಸ ಮಾಡುತ್ತದೆ. ಹೊಲಕ್ಕೆ ಹೂಳು ಹೊಡೆದ ಕೆರೆಗಳಲ್ಲಿ ಜೆಸಿಬಿ ತೋಡಿದ ಗುಂಡಿಗಳಿರುತ್ತವೆ. ಮೊಣಕಾಲುದ್ದ ನೀರಲ್ಲಿ ನಿಂತವರಿಗೆ ಮುಂದಿನ ಹೆಜ್ಜೆಗೆ ಆಳ ಸಿಗುತ್ತದೆ. ಈಜು ಬಾರದ ಮಕ್ಕಳನ್ನು ಉಳಿಸಲು ಈಜು ಬಾರದ ಅಣ್ಣ ಹಾರುವುದರಿಂದಲೇ ಒಂದೇ ಮನೆಯ ಇಬ್ಬರು ಹೋಗುವುದು. ಹಾರಬೇಡಿ, ಹಗ್ಗ, ಸೀರೆ, ಖಾಲಿ ಕ್ಯಾನು ಎಸೆಯಿರಿ.

ಎರಡು ರಾಜ್ಯದ ಹವಾ ಸುದ್ದಿ

ಗಡಿಯವರಿಗೆ ಒಂದು ತೊಡಕು ಇದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಉಮರ್ಗಾ, ನಿಲಂಗಾ, ಉದಗೀರ ‘ಮರಾಠವಾಡಾ’ ವಿಭಾಗ. ಆಳಂದ, ಬಸವಕಲ್ಯಾಣ, ಭಾಲ್ಕಿ, ಔರಾದ ‘ಉತ್ತರ ಒಳನಾಡು ಕರ್ನಾಟಕ’. ಕನ್ನಡ ಬಾತ್ಮಿ ಕೇಳುವವರಿಗೆ ಒಂದು, ಮರಾಠಿ ಕೇಳುವವರಿಗೆ ಇನ್ನೊಂದು. ಎರಡು ಭಾಷೆ ಬರುವ ನಮ್ಮವರು ಎರಡನ್ನೂ ಕೇಳಿದರೆ ಲಾಭ ನಮ್ಮದೇ. ಎರಡೂ ಕಡೆ ಕಿತ್ತಳೆ ಇಲ್ಲವೇ ಕೆಂಪು ಬಣ್ಣದ ಎಚ್ಚರಿಕೆ ಇದ್ದರೆ ನಡಿಗೆ ಬೇಡ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ನಾವು ನಿಂತ ಜಾಗದ 20 ಮತ್ತು 40 ಕಿಲೋಮೀಟರ್ ಸುತ್ತಳತೆಯಲ್ಲಿ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಬಜಾರದ ಭಾವ ನೋಡುವ ಮೊಬೈಲಿನಲ್ಲಿ ಇದನ್ನೂ ಹಾಕಿಸಿಕೊಳ್ಳಬೇಕು.

ಹೊರಡುವವರು ಇಷ್ಟು ಇಟ್ಟುಕೊಂಡರೆ ಸಾಕು: ನಸುಕಿನಲ್ಲಿ ಹೊರಟು ಮಧ್ಯಾಹ್ನ ಒಂದರೊಳಗೆ ಗುಡ್ಡ ಇಳಿಯುವುದು; ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಜೊತೆ ಒಣ ಬಟ್ಟೆ; ಬ್ಯಾಟರಿ, ಬೆಲ್ಲ-ಶೇಂಗಾ, ಕುಡಿಯುವ ನೀರು; ಇರುಳು ಹೆದ್ದಾರಿಯಲ್ಲಿ ನಡೆಯುವವರಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ; ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿಡುವುದು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಹೆಜ್ಜೆಯೇ ಗುಂಪಿನ ಹೆಜ್ಜೆ ಆಗಬೇಕು. ತಿರುಗಿ ಹೋಗೋಣ ಎಂದು ಒಬ್ಬರು ಅಂದರೂ ನಗಬಾರದು.

ಹರಕೆ ಹೊತ್ತವರಿಗೆ ನಡುದಾರಿಯಿಂದ ತಿರುಗುವುದು ಮನಸ್ಸಿಗೆ ಒಗ್ಗದ ಮಾತು. ಆದರೆ ಹುಣ್ಣಿಮೆ ಮುಂದಿನ ತಿಂಗಳೂ ಬರುತ್ತದೆ, ತುಳಜಾಪುರದ ಬಾಗಿಲು ಮಳೆ ನಿಂತ ಮೇಲೂ ತೆರೆದಿರುತ್ತದೆ. ಎರಡೂ ರಾಜ್ಯದ ಜಿಲ್ಲಾ ಆಡಳಿತಗಳು ನವರಾತ್ರಿಗೆ ಮುಂಚೆ ಕೆರೆ, ಧಬಧಬಾ, ಕೆಳಸೇತುವೆಗಳ ಬಳಿ ನೀರಿನ ಅಪಾಯದ ಮಟ್ಟ ತೋರುವ ಫಲಕಗಳನ್ನು ಕನ್ನಡ, ಮರಾಠಿ ಎರಡರಲ್ಲೂ ಹಾಕಿಸಬೇಕು. ಧರಣದಿಂದ ನೀರು ಬಿಡುವ ಸುದ್ದಿಯನ್ನು ಗಡಿಯಾಚೆಯ ಹಳ್ಳಿಗಳಿಗೂ ಹೊತ್ತಿಗೆ ಮುಟ್ಟಿಸಬೇಕು. ಆ ತನಕ ನಮ್ಮ ಕಾಳಜಿ ನಾವೇ ಮಾಡಿಕೊಳ್ಳುವುದು. ಪಡುವಣದಲ್ಲಿ ಹೂಕೋಸು ಮೋಡ ಎದ್ದು ತಂಪು ಗಾಳಿ ಮುಖಕ್ಕೆ ಬಡಿಯಿತೆಂದರೆ ಚಪ್ಪಲಿ ಮೆಟ್ಟಿ ಗುಡ್ಡ ಇಳಿಯಬೇಕು.